ಮೂಳೆ, ಕೀಲು, ಸ್ನಾಯುಗಳ ತೊಂದರೆಯಲ್ಲಿ ಐಸಿಎಫ್ ಬಳಕೆ: ಪ್ರಾಥಮಿಕ ಹಂತದ ಫಿಸಿಯೋಥೆರಪಿಸ್ಟರಿಗೆ ಸಮಗ್ರ ಮಾರ್ಗದರ್ಶಿ

"ಎರಡೂ ಮೊಣಕಾಲು ನೋವು, ಎರಡು ವರ್ಷದಿಂದ. ಎಕ್ಸ್‌ರೇಯಲ್ಲಿ ಸವೆತ. ಶಾಖ, ವ್ಯಾಯಾಮ, ಹತ್ತು ದಿನ." ನಮ್ಮ ಭಾಗದ ಹೊರರೋಗಿ ವಿಭಾಗಗಳಲ್ಲಿ ಫಿಸಿಯೋಥೆರಪಿಯ ಚೀಟಿ ಬಹಳ ಸಲ ಇಷ್ಟಕ್ಕೇ ಮುಗಿಯುತ್ತದೆ. ಈ ಹೆಣ್ಣುಮಗಳು ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಲು ದಿನವಿಡೀ ನೆಲದ ಮೇಲೆ ಕೂಡುವವಳೋ, ಹುಬ್ಬಳ್ಳಿಯ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತಿರುವವಳೋ, ರೋಣದ ಎರೆಹೊಲದಲ್ಲಿ ಕಸ ತೆಗೆಯುವವಳೋ ಎಂಬುದು ಅದರಲ್ಲಿ ಎಲ್ಲಿಯೂ ಇರುವುದಿಲ್ಲ. ಈ ಮೂವರ ಎಕ್ಸ್‌ರೇ ಒಂದೇ ತೆರನಾಗಿರಬಹುದು, ಆದರೆ ಅವರಿಗೆ ಬೇಕಾದ ಚಿಕಿತ್ಸೆ ಒಂದೇ ಆಗಿರಲಾರದು. ಆ ವ್ಯತ್ಯಾಸವನ್ನು ಕಾಗದದ ಮೇಲೆ ಕಾಣುವಂತೆ ಬರೆಯುವ ಕ್ರಮವನ್ನು ಈ ಮಾರ್ಗದರ್ಶಿ ವಿವರಿಸುತ್ತದೆ.

ಇದಕ್ಕೆ ಬಳಸುವ ಸಾಧನ ವಿಶ್ವ ಆರೋಗ್ಯ ಸಂಸ್ಥೆಯ ಐಸಿಎಫ್, ಅಂದರೆ ಕಾರ್ಯಕ್ಷಮತೆ, ಅಂಗವೈಕಲ್ಯ ಮತ್ತು ಆರೋಗ್ಯದ ಅಂತರರಾಷ್ಟ್ರೀಯ ವರ್ಗೀಕರಣ. 1980ರಲ್ಲಿ ಬಂದಿದ್ದ ಹಳೆಯ ವರ್ಗೀಕರಣದ ಜಾಗದಲ್ಲಿ ಇದನ್ನು 2001ರ ಮೇ 22ರಂದು 54ನೆಯ ವಿಶ್ವ ಆರೋಗ್ಯ ಸಭೆ ಅಂಗೀಕರಿಸಿತು. ರೋಗದ ಹೆಸರಿಗೆ ಐಸಿಡಿ, ಅಂದರೆ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣ ಇದೆ. ಆ ರೋಗವಿದ್ದೂ ಮನುಷ್ಯ ಏನು ಮಾಡಬಲ್ಲ, ಏನು ಮಾಡಲಾರ, ಅವನ ಸುತ್ತಲಿನ ಯಾವುದು ನೆರವಾಗುತ್ತದೆ, ಯಾವುದು ಅಡ್ಡ ಬರುತ್ತದೆ ಎಂಬುದನ್ನು ಬರೆಯಲು ಐಸಿಎಫ್ ಇದೆ. ಇದರ ಪ್ರತಿ ಸಂಕೇತವೂ ನಾಲ್ಕು ಅಕ್ಷರಗಳಲ್ಲಿ ಒಂದರಿಂದ ಆರಂಭವಾಗುತ್ತದೆ, ಅದರ ಮುಂದೆ ಅಂಕೆಗಳು ಬರುತ್ತವೆ: ದೇಹದ ಕ್ರಿಯೆಗಳಿಗೆ ಬಿ, ದೇಹದ ರಚನೆಗಳಿಗೆ ಎಸ್, ಚಟುವಟಿಕೆ ಮತ್ತು ಪಾಲ್ಗೊಳ್ಳುವಿಕೆಗೆ ಡಿ, ಪರಿಸರದ ಅಂಶಗಳಿಗೆ ಇ. ವಯಸ್ಸು, ಸ್ವಭಾವ, ದುಡಿಮೆಯ ಹಿನ್ನೆಲೆ ಮುಂತಾದ ವೈಯಕ್ತಿಕ ಅಂಶಗಳನ್ನು ಪರಿಗಣಿಸಬೇಕೆಂದು ಹೇಳಿದ್ದರೂ ಅವುಗಳಿಗೆ ಸಂಕೇತ ಕೊಟ್ಟಿಲ್ಲ. ಒಟ್ಟು ವರ್ಗಗಳು 1,400ಕ್ಕೂ ಹೆಚ್ಚು. ಈ ಸಂಖ್ಯೆಯನ್ನು ಕೇಳಿಯೇ ಅನೇಕರು ಪುಸ್ತಕ ಮುಚ್ಚಿಡುತ್ತಾರೆ. ಆದರೆ ಪ್ರಾಥಮಿಕ ಹಂತದಲ್ಲಿ ಒಬ್ಬ ರೋಗಿಗೆ ಇಪ್ಪತ್ತರ ಆಸುಪಾಸಿನಷ್ಟು ಸಂಕೇತಗಳು ಧಾರಾಳವಾಗಿ ಸಾಕಾಗುತ್ತವೆ.

ಆಸ್ಪತ್ರೆಯಲ್ಲಿ ರೋಗಿ ಮಾಡಬಲ್ಲದ್ದಕ್ಕೂ ಮನೆಯಲ್ಲಿ, ಹೊಲದಲ್ಲಿ, ಮಗ್ಗದಲ್ಲಿ ನಿಜವಾಗಿ ಮಾಡುತ್ತಿರುವುದಕ್ಕೂ ನಡುವಿನ ಅಂತರವನ್ನು ಅಕ್ಕಪಕ್ಕದಲ್ಲಿ ಬರೆದು ತೋರಿಸಬಲ್ಲದು ಎಂಬುದೇ ಐಸಿಎಫ್‌ನ ನಿಜವಾದ ಬೆಲೆ ಎಂದು ನನ್ನ ಖಚಿತ ಅಭಿಪ್ರಾಯ. ಕೆಳಗಿನ ಹಂತಗಳೆಲ್ಲ ಆ ಅಂತರವನ್ನು ಸರಿಯಾಗಿ ಹಿಡಿಯುವುದಕ್ಕಾಗಿಯೇ ಇವೆ. ಉದ್ದಕ್ಕೂ ಒಂದು ಉದಾಹರಣೆಯನ್ನು ಹಿಡಿದು ಸಾಗೋಣ: ಐವತ್ತರ ಆಸುಪಾಸಿನ, ಬ್ಯಾಡಗಿ ಸಮೀಪದ ಹಳ್ಳಿಯ, ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಯ ಹೆಣ್ಣುಮಗಳು. ಇದು ವಿವರಣೆಗಾಗಿ ಕಟ್ಟಿಕೊಂಡ ಚಿತ್ರ, ಯಾವುದೇ ಒಬ್ಬ ವ್ಯಕ್ತಿಯ ದಾಖಲೆಯಲ್ಲ.

ಹಂತ 1: ಅಪಾಯದ ಲಕ್ಷಣಗಳನ್ನು ಮೊದಲು ನೋಡಿ

ಐಸಿಎಫ್ ರೋಗನಿದಾನದ ಸಾಧನವಲ್ಲ. ಆದ್ದರಿಂದ ನಮೂನೆಯನ್ನು ಕೈಗೆತ್ತಿಕೊಳ್ಳುವ ಮೊದಲು ಗಂಭೀರ ಕಾಯಿಲೆಯ ಸುಳಿವುಗಳಿವೆಯೇ ಎಂದು ಕೇಳಬೇಕು. ಬಿದ್ದು ಪೆಟ್ಟಾಗಿರುವುದು, ಕಾರಣವಿಲ್ಲದೆ ತೂಕ ಇಳಿದಿರುವುದು, ಸಂಜೆ ಹೊತ್ತಿಗೆ ಬರುವ ಜ್ವರ, ಮಲಗಿದರೂ ಕಡಿಮೆಯಾಗದ ರಾತ್ರಿಯ ನೋವು, ಹಿಂದೆ ಕ್ಯಾನ್ಸರ್ ಆಗಿದ್ದ ಇತಿಹಾಸ, ಕೆಂಪಾಗಿ ಬಿಸಿಯಾಗಿ ಊದಿದ ಒಂದೇ ಕೀಲು, ತೊಡೆಸಂದಿಯ ಸುತ್ತ ಸ್ಪರ್ಶ ಹೋಗಿರುವುದು, ಮೂತ್ರ ಕಟ್ಟಿಕೊಂಡಿರುವುದು, ದಿನದಿಂದ ದಿನಕ್ಕೆ ಕಾಲಿನ ಬಲ ಕುಂದುತ್ತಿರುವುದು: ಇವುಗಳಲ್ಲಿ ಒಂದು ಕಂಡರೂ ವೈದ್ಯರ ಬಳಿಗೆ ಕಳಿಸುವುದೇ ಮೊದಲ ಕೆಲಸ. ನಮ್ಮಲ್ಲಿ ಬೆನ್ನುಮೂಳೆಯ ಕ್ಷಯವನ್ನು ಮರೆಯಲೇಬಾರದು, ಏಕೆಂದರೆ ತಿಂಗಳುಗಟ್ಟಲೆ "ಟೊಂಕ ನೂವು" ಎಂದು ಶಾಖ ಕೊಡಿಸಿಕೊಂಡವರಲ್ಲಿ ಅದು ಅಡಗಿರಬಹುದು. ಮೂತ್ರ ಕಟ್ಟಿಕೊಂಡು ಕಾಲಿನ ಬಲವೂ ಕುಂದಿದ್ದರೆ ಅದೇ ದಿನ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಹತ್ತಿರದ ಜಿಲ್ಲಾಸ್ಪತ್ರೆಗೋ ಕಳಿಸಬೇಕು.

ಹಂತ 2: ಕೆಲಸದಿಂದ ಮಾತು ಆರಂಭಿಸಿ

"ಎಲ್ಲಿ ನೋವು?" ಎಂದು ಕೇಳಿದರೆ ರೋಗಿ ದೇಹದ ಜಾಗವನ್ನು ತೋರಿಸುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. "ಯಾವ ಕೆಲಸ ಮಾಡೂದು ತ್ರಾಸ ಆಗೇತಿ? ಎಲ್ಲಕ್ಕಿಂತ ಹೆಚ್ಚು ತ್ರಾಸ ಇರೋ ಮೂರು ಹೇಳ್ರಿ" ಎಂದು ಕೇಳಿದರೆ ಬದುಕು ಹೊರಬರುತ್ತದೆ. ಇದು ರೋಗಿ-ನಿರ್ದಿಷ್ಟ ಕಾರ್ಯಕ್ಷಮತಾ ಮಾಪಕದ ಪ್ರಶ್ನೆಯೇ. ಆ ಮಾಪಕ 1995ರಿಂದ ಬಳಕೆಯಲ್ಲಿದೆ. ಪ್ರತಿ ಕೆಲಸಕ್ಕೂ ರೋಗಿಯೇ 0ಯಿಂದ 10ರವರೆಗೆ ಅಂಕ ಕೊಡುತ್ತಾರೆ. 0 ಎಂದರೆ ಮಾಡಲು ಆಗುವುದೇ ಇಲ್ಲ, 10 ಎಂದರೆ ಮೊದಲಿನಂತೆ ಆಗುತ್ತದೆ. ಬರೆಯಲು ಬಾರದವರಿಗೂ ಇದನ್ನು ಬೆರಳೆಣಿಸಿ ಕೇಳಬಹುದು.

ನಮ್ಮ ಉದಾಹರಣೆಯ ಹೆಣ್ಣುಮಗಳು ಮೂರು ಮಾತು ಹೇಳುತ್ತಾಳೆ ಎಂದುಕೊಳ್ಳಿ. "ಕುಂತ್ರ ಏಳಾಕ ಬರವಲ್ದು." "ಸಂಡಾಸಕ್ಕ ಹ್ವಾದಾಗ ಗ್ವಾಡಿ ಹಿಡಕೊಂಡ ಏಳಬೇಕು." "ಅಮಾಸಿಗೆ ಗುಡಿಗೆ ಹೋಗೂದ ಬಿಟ್ಟೇನಿ." ಈ ಮೂರನ್ನೂ ಅವಳ ಮಾತಿನಲ್ಲೇ ಮೊದಲು ಬರೆದುಕೊಳ್ಳಿ, ಸಂಕೇತವನ್ನು ಪಕ್ಕದಲ್ಲಿ ಆಮೇಲೆ ಹಾಕಿ. ಕೂತು ಏಳುವುದು ಡಿ410ರ ಕೆಳಗೆ ಬರುತ್ತದೆ, ತಾಸುಗಟ್ಟಲೆ ಕೂತಿರುವುದು ಡಿ4153. ಕುಕ್ಕುರುಗಾಲಲ್ಲಿ ಕೂತೇಳುವುದು ಡಿ4101. ಐಸಿಎಫ್‌ನಲ್ಲಿ ಈ ವರ್ಗದ ವಿವರಣೆಯೊಳಗೇ ನೆಲಮಟ್ಟದ ಶೌಚಾಲಯದ ಉಲ್ಲೇಖವಿದೆ ಎಂಬುದನ್ನು ಗಮನಿಸಿ. ಶೌಚಕಾರ್ಯ ಡಿ530. ಗುಡಿಗೆ ಹೋಗುವುದು ಡಿ930. ಮೂರನೆಯ ಮಾತನ್ನು ನಾವು ಬಹಳ ಬಾರಿ ಕೇಳಿಯೂ ಬರೆಯದೆ ಬಿಡುತ್ತೇವೆ. ಅದನ್ನು ಬರೆಯಲೇಬೇಕು, ಏಕೆಂದರೆ ನಡೆಯುವ ವ್ಯಾಯಾಮಕ್ಕೆ ಅವಳು ಮನಸ್ಸಿನಿಂದ ಒಪ್ಪುವ ಕಾರಣ ಅಲ್ಲೇ ಇದೆ.

ಹಂತ 3: ನಿಮ್ಮ ಕೇಂದ್ರಕ್ಕೆ ಒಂದು ಚಿಕ್ಕ ಪಟ್ಟಿ ಮಾಡಿಕೊಳ್ಳಿ

ಪ್ರತಿ ರೋಗಿಗೂ ಪುಸ್ತಕ ತಿರುವಿ ಸಂಕೇತ ಹುಡುಕುವುದು ದಿನಕ್ಕೆ ಮೂವತ್ತು ನಲವತ್ತು ಜನರನ್ನು ನೋಡುವ ಕಡೆ ಆಗದ ಮಾತು. ಅದಕ್ಕಾಗಿಯೇ ಕೋರ್ ಸೆಟ್‌ಗಳೆಂಬ ಆಯ್ದ ಪಟ್ಟಿಗಳನ್ನು ರೂಪಿಸಲಾಗಿದೆ. ಕೆಳಬೆನ್ನು ನೋವಿನ ಸಮಗ್ರ ಪಟ್ಟಿಯಲ್ಲಿ 78 ವರ್ಗಗಳಿವೆ, ಸಂಕ್ಷಿಪ್ತ ಪಟ್ಟಿಯಲ್ಲಿ 35. ಅಸ್ಥಿಸಂಧಿವಾತಕ್ಕೆ, ಅಂದರೆ ಕೀಲು ಸವೆತಕ್ಕೆ, ಸಮಗ್ರ ಪಟ್ಟಿಯಲ್ಲಿ 55, ಸಂಕ್ಷಿಪ್ತದಲ್ಲಿ 13. ಯಾವ ರೋಗಕ್ಕಾದರೂ ಹೊಂದುವ ಸಾಮಾನ್ಯ ಪಟ್ಟಿಯಲ್ಲಿ ಏಳೇ ಇವೆ: ಬಿ130 ಚೈತನ್ಯ, ಬಿ152 ಭಾವನೆ, ಬಿ280 ನೋವು, ಡಿ230 ದಿನಚರಿ, ಡಿ450 ನಡಿಗೆ, ಡಿ455 ಓಡಾಟ, ಡಿ850 ಸಂಬಳ ಅಥವಾ ಕೂಲಿಯ ಕೆಲಸ.

ಈ ಏಳನ್ನು ಎಲ್ಲ ರೋಗಿಗಳಿಗೂ ಖಾಯಂ ಆಗಿ ಇಟ್ಟುಕೊಂಡು, ಅದಕ್ಕೆ ನಮ್ಮ ಜನರ ಬದುಕಿಗೆ ಬೇಕಾದವನ್ನು ಸೇರಿಸಿ ಒಂದು ಪುಟದ ನಮೂನೆ ಮಾಡಿಕೊಳ್ಳುವುದು ಒಳ್ಳೆಯದು. ಧಾರವಾಡ, ಗದಗ, ಹಾವೇರಿ ಭಾಗಕ್ಕೆ ನಾನು ತಪ್ಪದೆ ಸೇರಿಸುವವು ಇವು: ಬಿ134 ನಿದ್ರೆ, ಬಿ710 ಕೀಲಿನ ಚಲನೆ, ಬಿ730 ಸ್ನಾಯುಬಲ, ಡಿ4101 ಮತ್ತು ಡಿ4153, ಡಿ430 ಎತ್ತುವುದು ಹೊರುವುದು, ಡಿ4502 ಬೇರೆ ಬೇರೆ ನೆಲದ ಮೇಲೆ ನಡೆಯುವುದು, ಡಿ470 ವಾಹನ ಬಳಕೆ, ಡಿ530 ಶೌಚ, ಡಿ640 ಮನೆಗೆಲಸ. ಡಿ4502 ಏಕೆ ಬೇಕೆಂದು ನವಲಗುಂದ, ಅಣ್ಣಿಗೇರಿ, ನರಗುಂದದ ಕಡೆಯವರಿಗೆ ಹೇಳಬೇಕಾಗಿಲ್ಲ. ಮಳೆ ಬಿದ್ದ ಎರೆಹೊಲದಲ್ಲಿ ಪ್ರತಿ ಹೆಜ್ಜೆಗೂ ಅಂಗಾಲಿಗೆ ಮಣ್ಣು ಮೆತ್ತಿ ಕಾಲು ಭಾರವಾಗುತ್ತದೆ, ಹಿಮ್ಮಡಿ ಜಾರುತ್ತದೆ, ಮೊಣಕಾಲು ತಿರುಚುತ್ತದೆ. ಆಸ್ಪತ್ರೆಯ ಟೈಲ್ಸ್ ನೆಲದ ಮೇಲೆ ಸಲೀಸಾಗಿ ನಡೆದವರು ಅಲ್ಲಿ ಹತ್ತು ಮಾರು ನಡೆಯಲು ಹೆಣಗಬಹುದು. ಬೇಸಿಗೆಯಲ್ಲಿ ಅದೇ ಹೊಲ ಬಿರುಕು ಬಿಟ್ಟಿರುತ್ತದೆ. ಆದ್ದರಿಂದ ಈ ಸಂಕೇತದ ಪಕ್ಕದಲ್ಲಿ ಯಾವ ಹಂಗಾಮು ಎಂಬುದನ್ನೂ ಬರೆಯುವುದು ಉಪಯುಕ್ತ.

ಎಸ್ ಸಂಕೇತಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಬೆನ್ನಿಗೆ ಎಸ್760, ಕಾಲಿಗೆ ಎಸ್750, ಭುಜಕ್ಕೆ ಎಸ್720 ಎಂದು ಒಂದನ್ನು ಬರೆದರೆ ಸಾಕು.

ಹಂತ 4: ಅಳೆಯಿರಿ, ಅಂಕೆ ಕೊಡಿ

ಸಂಕೇತವೊಂದೇ ಏನನ್ನೂ ಹೇಳುವುದಿಲ್ಲ. ಬಿಂದುವಿನ ನಂತರ ಬರುವ, ತೊಂದರೆ ಎಷ್ಟೆಂದು ಹೇಳುವ ಕ್ವಾಲಿಫೈಯರ್ ಅಂಕೆ ಸೇರಿದಾಗಲೇ ಅದಕ್ಕೆ ಅರ್ಥ ಬರುತ್ತದೆ. 0 ಎಂದರೆ ತೊಂದರೆ ಇಲ್ಲ, ಶೇಕಡಾ 0ರಿಂದ 4. 1 ಎಂದರೆ ಅಲ್ಪ, 5ರಿಂದ 24. 2 ಎಂದರೆ ಮಧ್ಯಮ, 25ರಿಂದ 49. 3 ಎಂದರೆ ತೀವ್ರ, 50ರಿಂದ 95. 4 ಎಂದರೆ ಸಂಪೂರ್ಣ, 96ರಿಂದ 100. ಮಾಹಿತಿ ಸಾಲದಿದ್ದರೆ 8, ಅನ್ವಯಿಸದಿದ್ದರೆ 9.

ಹತ್ತು ಅಂಕಗಳ ನೋವಿನ ಮಾಪಕವನ್ನು ಇದಕ್ಕೆ ಹೊಂದಿಸುವುದು ಸುಲಭ. ರೋಗಿ 1 ಅಥವಾ 2 ಎಂದರೆ ಅಲ್ಪ, 3 ಅಥವಾ 4 ಎಂದರೆ ಮಧ್ಯಮ, 5ರಿಂದ 9ರವರೆಗೆ ತೀವ್ರ, 10 ಎಂದರೆ ಸಂಪೂರ್ಣ. ಇಲ್ಲಿ ಒಂದು ಎಚ್ಚರ ಅಗತ್ಯ. "ತೀವ್ರ" ಎಂಬ ಪಟ್ಟಿ ಬಹಳ ಅಗಲವಾಗಿದೆ. 9ರ ನೋವು 5ಕ್ಕೆ ಇಳಿದರೆ ರೋಗಿಗೆ ಅದು ದೊಡ್ಡ ಬಿಡುಗಡೆ, ಆದರೆ ಕ್ವಾಲಿಫೈಯರ್ ಮಾತ್ರ 3ರಲ್ಲೇ ಉಳಿಯುತ್ತದೆ. ಹತ್ತು ಅಂಕಗಳ ಮಾಪಕದಲ್ಲಿ 2 ಅಂಕ ಇಳಿದರೂ ಅದು ಅರ್ಥಪೂರ್ಣ ಬದಲಾವಣೆ ಎಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಆದ್ದರಿಂದ ಕ್ವಾಲಿಫೈಯರಿನ ಪಕ್ಕದಲ್ಲಿ ಮೂಲ ಅಂಕವನ್ನೂ ಯಾವಾಗಲೂ ಬರೆಯಬೇಕು. ಇನ್ನೊಂದು ಎಚ್ಚರ: ರೋಗಿ-ನಿರ್ದಿಷ್ಟ ಮಾಪಕದಲ್ಲಿ ಅಂಕ ಹೆಚ್ಚಾದಷ್ಟೂ ಒಳ್ಳೆಯದು, ಕ್ವಾಲಿಫೈಯರಿನಲ್ಲಿ ಹೆಚ್ಚಾದಷ್ಟೂ ಕೆಟ್ಟದ್ದು. ಎರಡನ್ನೂ ಒಂದೇ ಪುಟದಲ್ಲಿ ಬರೆಯುವಾಗ ಈ ತಿರುವು ಮರೆತರೆ, ಮುಂದಿನ ವಾರ ರೋಗಿಯನ್ನು ನೋಡುವ ಸಹೋದ್ಯೋಗಿ ಉಲ್ಟಾ ಓದುತ್ತಾರೆ.

ಡಿ ಸಂಕೇತಗಳಿಗೆ ಎರಡು ಅಂಕೆಗಳಿವೆ. ಮೊದಲನೆಯದು ನಿರ್ವಹಣೆ, ಅಂದರೆ ರೋಗಿ ತನ್ನ ಈಗಿನ ಮನೆ, ಊರು, ಕೆಲಸದ ಜಾಗದಲ್ಲಿ, ಇರುವ ನೆರವಿನೊಂದಿಗೆ ಏನು ಮಾಡುತ್ತಿದ್ದಾರೆ ಎಂಬುದು. ಎರಡನೆಯದು ಸಾಮರ್ಥ್ಯ, ಅಂದರೆ ಸಮತಟ್ಟಾದ, ಪ್ರಮಾಣಿತ ಪರಿಸರದಲ್ಲಿ ಯಾರ ನೆರವೂ ಇಲ್ಲದೆ ಏನು ಮಾಡಬಲ್ಲರು ಎಂಬುದು. ನಿರ್ವಹಣೆಯನ್ನು ಕೇಳಿ ತಿಳಿಯಬೇಕು, ಸಾಧ್ಯವಾದರೆ ಮನೆಗೆ ಹೋಗಿ ನೋಡಬೇಕು. ಸಾಮರ್ಥ್ಯವನ್ನು ಪರೀಕ್ಷೆ ಮಾಡಿ ತಿಳಿಯಬೇಕು.

ಸಾಮರ್ಥ್ಯದ ಪರೀಕ್ಷೆಗಳಿಗೆ ದುಬಾರಿ ಉಪಕರಣ ಬೇಕಿಲ್ಲ. ಸುಮಾರು 43 ಸೆಂಟಿಮೀಟರ್ ಎತ್ತರದ, ತೋಳಿಲ್ಲದ ಕುರ್ಚಿಯೊಂದನ್ನು ಗೋಡೆಗೆ ಒತ್ತಿಡಿ. ರೋಗಿ ಕೈಗಳನ್ನು ಎದೆಯ ಮೇಲೆ ಕತ್ತರಿಯಂತೆ ಇಟ್ಟುಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂಡುತ್ತಾರೆ ಎಂದು ಎಣಿಸಿ. ಅಮೆರಿಕದ ಮಾನದಂಡದಂತೆ 60ರಿಂದ 64ರ ಮಹಿಳೆಗೆ 12ಕ್ಕಿಂತ ಕಡಿಮೆ ಬಂದರೆ ಅದು ಸರಾಸರಿಗಿಂತ ಕೆಳಗೆ. ನಮ್ಮ ಐವತ್ತರ ಹೆಣ್ಣುಮಗಳು 8 ಸಲ ಎದ್ದಳೆಂದರೆ ಬಲ ಸಾಕಷ್ಟು ಕುಂದಿದೆ ಎಂದೇ ತಿಳಿಯಬೇಕು. ನಡಿಗೆಗೆ ಹತ್ತು ಮೀಟರ್ ಗುರುತು ಹಾಕಿ ನಾಲ್ಕು ಸಲ ವೇಗವಾಗಿ ನಡೆಸಿ ಸಮಯ ಹಿಡಿಯಬಹುದು. ಕಾರಿಡಾರ್ ಉದ್ದವಾಗಿದ್ದರೆ ಆರು ನಿಮಿಷದ ನಡಿಗೆ ಪರೀಕ್ಷೆ ಇನ್ನೂ ಒಳ್ಳೆಯದು. ಕುಕ್ಕುರುಗಾಲಿಗೆ ಪ್ರಮಾಣಿತ ಪರೀಕ್ಷೆಯ ಅಗತ್ಯವಿಲ್ಲ: ನೆಲದ ಮೇಲೆ ಚಾಪೆ ಹಾಸಿ, ಆಧಾರವಿಲ್ಲದೆ ಕೂತು ಎದ್ದು ತೋರಿಸಲು ಹೇಳಿ, ಎಷ್ಟು ಆಳ ಹೋದರು, ಕೈ ಊರಿದರೇ, ಎಷ್ಟು ಹೊತ್ತು ಹಿಡಿಯಿತು ಎಂದು ಬರೆದುಕೊಳ್ಳಿ. ಒಟ್ಟಾರೆ ಚಿತ್ರಕ್ಕೆ ಅಂಗವೈಕಲ್ಯವನ್ನು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯೇ ರೂಪಿಸಿದ ಪ್ರಶ್ನಾವಳಿಯಾದ ಹೂಡಾಸ್ 2.0ರ 12 ಪ್ರಶ್ನೆಗಳ ರೂಪವನ್ನು ಬಳಸಬಹುದು. ಅದು ಹಿಂದಿನ 30 ದಿನಗಳ ಬಗ್ಗೆ ಕೇಳುತ್ತದೆ, ಐದು ನಿಮಿಷದಲ್ಲಿ ಮುಗಿಯುತ್ತದೆ.

ಹಂತ 5: ಎರಡು ಅಂಕೆಗಳ ನಡುವಿನ ಅಂತರವನ್ನು ಓದಿ

ಇಲ್ಲಿ ನಿಧಾನಿಸಬೇಕು. ನಮ್ಮ ಉದಾಹರಣೆಯಲ್ಲಿ ನಮೂನೆ ತುಂಬಿದ ಮೇಲೆ ಹೀಗೆ ಬಂದಿದೆ ಎಂದಿಟ್ಟುಕೊಳ್ಳಿ: ಕುಕ್ಕುರುಗಾಲು ಡಿ4101.33, ನಡಿಗೆ ಡಿ450.31, ವಾಹನ ಬಳಕೆ ಡಿ470.32, ಕೂಲಿ ಕೆಲಸ ಡಿ850.1 (ಇದಕ್ಕೆ ಆಸ್ಪತ್ರೆಯಲ್ಲಿ ಸಾಮರ್ಥ್ಯ ಪರೀಕ್ಷೆ ಇಲ್ಲವಾದ್ದರಿಂದ ಒಂದೇ ಅಂಕೆ). ಈ ನಾಲ್ಕು ಸಾಲುಗಳೂ ನಾಲ್ಕು ಬೇರೆ ಕಥೆ ಹೇಳುತ್ತವೆ.

ಕುಕ್ಕುರುಗಾಲಿನಲ್ಲಿ ಎರಡೂ ಅಂಕೆ ಒಂದೇ, ಎರಡೂ ಕೆಟ್ಟವು. ಮನೆಯಲ್ಲಿ ಆಗದ್ದು ಆಸ್ಪತ್ರೆಯಲ್ಲೂ ಆಗುತ್ತಿಲ್ಲ. ಇಲ್ಲಿ ಸಮಸ್ಯೆ ಮುಖ್ಯವಾಗಿ ದೇಹದ್ದು: ತೊಡೆಯ ಮುಂಭಾಗದ ಸ್ನಾಯುಬಲ, ಮೊಣಕಾಲು ಮಡಿಸುವ ಮಿತಿ, ನೋವು. ವ್ಯಾಯಾಮ ಇಲ್ಲಿ ನೇರವಾದ ಉತ್ತರ, ಮತ್ತು ಅದು ಫಲ ಕೊಡುವವರೆಗಿನ ವಾರಗಳಿಗೆ ಶೌಚಾಲಯದಲ್ಲಿ ತಾತ್ಕಾಲಿಕ ವ್ಯವಸ್ಥೆ ಬೇಕು.

ನಡಿಗೆಯ ಸಾಲು ಬೇರೆ. ಕಾರಿಡಾರಿನಲ್ಲಿ ಆರು ನಿಮಿಷ ನಿಲ್ಲದೆ ನಡೆಯಬಲ್ಲವಳು ಊರಿನಲ್ಲಿ ಕೂಲಿಗೆ ಬಿಟ್ಟರೆ ಮನೆಯಿಂದ ಹೊರಗೆ ಕಾಲಿಡುತ್ತಿಲ್ಲ. ಈ ಅಂತರಕ್ಕೆ ಬರೀ ಸ್ನಾಯುಬಲ ಹೆಚ್ಚಿಸುವ ವ್ಯಾಯಾಮ ಉತ್ತರವಾಗಲಾರದು, ಏಕೆಂದರೆ ನಡೆಯುವ ಶಕ್ತಿ ಈಗಾಗಲೇ ಇದೆ. ಕೇಳಿದರೆ ಕಾರಣ ಸಿಗುತ್ತದೆ. ಯಾರೋ ಎಕ್ಸ್‌ರೇ ತೋರಿಸಿ "ಎಲುಬು ಸವದಾವು, ಅಡ್ಡಾಡಿದ್ರ ಇನ್ನೂ ಸವಿತಾವು" ಎಂದಿರುತ್ತಾರೆ. ಮಗ "ನೀ ಎಲ್ಲೂ ಹೋಗಬ್ಯಾಡ, ಬೀಳ್ತಿ" ಎಂದಿರುತ್ತಾನೆ. ಮೊದಲನೆಯದು ಆರೋಗ್ಯ ಸಿಬ್ಬಂದಿಯ ಧೋರಣೆ, ಇ450. ಎರಡನೆಯದು ಮನೆಯವರ ಧೋರಣೆ, ಇ410. ಮಗನ ಕಾಳಜಿ ನಿಜವಾದದ್ದೇ ಆದರೂ ನಡಿಗೆಯ ಮಟ್ಟಿಗೆ ಅದು ಅಡ್ಡಿಯಾಗಿದೆ. ಮೊಣಕಾಲಿನ ಅಸ್ಥಿಸಂಧಿವಾತದಲ್ಲಿ ಹದವಾದ ನಡಿಗೆ ಮತ್ತು ವ್ಯಾಯಾಮ ನೋವನ್ನು ಕಡಿಮೆ ಮಾಡುತ್ತವೆ ಎಂಬುದು ಚೆನ್ನಾಗಿ ಸ್ಥಾಪಿತವಾದ ವಿಷಯ. ಅದನ್ನು ಮಗನ ಎದುರಿಗೇ, ಅವಳನ್ನು ಕಾರಿಡಾರಿನಲ್ಲಿ ನಡೆಸಿ ತೋರಿಸುತ್ತಲೇ ಹೇಳಬೇಕು. ಹೀಗೆ ಕಳೆದ ಹದಿನೈದು ನಿಮಿಷ ಹತ್ತು ದಿನದ ಶಾಖಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ ಎಂದು ನಾನು ನಂಬಿದ್ದೇನೆ.

ವಾಹನ ಬಳಕೆಯ ಅಂಕೆ ಊರನ್ನು ಅವಲಂಬಿಸಿ ಬದಲಾಗುತ್ತದೆ. ಹಳ್ಳಿಯ ಬಸ್ಸಿನ ಮೊದಲ ಮೆಟ್ಟಿಲು ಎತ್ತರ. ಎರಡೂ ಮೊಣಕಾಲು ನೋಯುವವರಿಗೆ ಅದು ದೊಡ್ಡ ಅಡ್ಡಿ. ಅದೇ ತೊಂದರೆಯ, ಅದೇ ಸಾಮರ್ಥ್ಯದ ಇನ್ನೊಬ್ಬರು ಹುಬ್ಬಳ್ಳಿಯ ನವನಗರದಲ್ಲಿದ್ದರೆ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಿಆರ್‌ಟಿಎಸ್‌ನ ಚಿಗರಿ ಬಸ್ಸಿಗೆ ಸಲೀಸಾಗಿ ಹತ್ತುತ್ತಾರೆ, ಏಕೆಂದರೆ ಆ ನಿಲ್ದಾಣದ ವೇದಿಕೆ ಬಸ್ಸಿನ ನೆಲದ ಮಟ್ಟಕ್ಕೇ ಇದೆ. ಅವರ ದಾಖಲೆಯಲ್ಲಿ ಡಿ470.12 ಎಂದು ಬರಬಹುದು: ನಿರ್ವಹಣೆ ಸಾಮರ್ಥ್ಯಕ್ಕಿಂತ ಉತ್ತಮ. ಪರಿಸರ ನೆರವಿಗೆ ಬಂದಾಗ ಅಂಕೆ ಹೀಗೆ ತಿರುಗುತ್ತದೆ. ಬೆಟಗೇರಿಯ ನೇಕಾರರ ಮನೆಗಳಲ್ಲೂ ಇದನ್ನು ಕಾಣಬಹುದು. ಬೆನ್ನು ನೋವಿನಿಂದ ಬಗ್ಗಲಾರದ ನೇಕಾರನ ಹಾಸು-ಹೊಕ್ಕಿನ ತಯಾರಿಯನ್ನೆಲ್ಲ ಮನೆಯವರು ಮಾಡಿಕೊಡುತ್ತಿದ್ದರೆ ಅವನು ಮಗ್ಗದಲ್ಲಿ ಕೂತು ದಿನದ ನೇಯ್ಗೆ ಮುಗಿಸುತ್ತಾನೆ. ಅವನ ನಿರ್ವಹಣೆ ಚೆನ್ನಾಗಿದೆ ಎಂದು ಬರೆದು ಸುಮ್ಮನಾದರೆ ಆ ನೆರವಿನ ಭಾರ ಯಾರ ಮೇಲೆ ಬಿದ್ದಿದೆ ಎಂಬುದು ಕಾಣುವುದಿಲ್ಲ. ಮುಂದೆ ಹೆಂಡತಿಯೇ ಭುಜ ನೋವು ಎಂದು ನಿಮ್ಮ ಬಳಿ ಬಂದಾಗ ಅವಳ ದಾಖಲೆಯಲ್ಲಿ ಈ ಮನೆಯ ಕಥೆ ಇರಬೇಕು.

ಕೊನೆಯ ಸಾಲು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುತ್ತದೆ. ಕುಕ್ಕುರುಗಾಲು 3, ನಡಿಗೆ 3, ಆದರೆ ಕೂಲಿ ಕೆಲಸದ ತೊಂದರೆ ಕೇವಲ 1 ಹೇಗೆ? ಅವಳು ಇತರರಷ್ಟೇ ಮೆಣಸಿನಕಾಯಿ ಬಿಡಿಸುತ್ತಿದ್ದಾಳೆ, ಒಂದೆರಡು ದಿನ ಮಾತ್ರ ತಪ್ಪಿಸಿದ್ದಾಳೆ, ಆದ್ದರಿಂದ ಅಂಕೆ 1. ಇದನ್ನು ಒಳ್ಳೆಯ ಸುದ್ದಿ ಎಂದು ಓದಿದರೆ ದೊಡ್ಡ ತಪ್ಪಾಗುತ್ತದೆ. ಕೂಲಿಗೆ ಹೋಗದಿದ್ದರೆ ಆ ದಿನದ ಗಳಿಕೆ ಇಲ್ಲ. ಆದ್ದರಿಂದ ದೇಹ ಒಪ್ಪದಿದ್ದರೂ ಕೆಲಸ ನಡೆಯುತ್ತದೆ, ಅದರ ಬೆಲೆಯನ್ನು ಉಳಿದ ಬದುಕು ತೆರುತ್ತದೆ. ಸಂಜೆಯ ನೋವು, ರಾತ್ರಿಯ ನಿದ್ರೆ, ಮರುದಿನದ ಮನೆಗೆಲಸ, ಬಿಟ್ಟುಹೋದ ಗುಡಿ. ಹೀಗಾಗಿ ದಿನಗೂಲಿಯವರಲ್ಲಿ ಡಿ850ರ ಅಂಕೆಯನ್ನು ಒಂಟಿಯಾಗಿ ಓದಬೇಡಿ. ಅದರ ಪಕ್ಕದಲ್ಲಿ ಬಿ280ನ್ನು ಬೆಳಿಗ್ಗೆ ಎಷ್ಟು, ಕೆಲಸ ಮುಗಿದ ಮೇಲೆ ಎಷ್ಟು ಎಂದು ಎರಡು ಸಲ ಬರೆಯಿರಿ, ಬಿ134 ಮತ್ತು ಡಿ640ನ್ನೂ ಜೊತೆಗೆ ನೋಡಿ. ಬೆಳಿಗ್ಗೆ 3 ಇದ್ದ ನೋವು ಸಂಜೆಗೆ 8 ಆಗುತ್ತಿದ್ದರೆ ಆ ಕೆಲಸವನ್ನು ಮಾಡುವ ರೀತಿ ಬದಲಾಗಲೇಬೇಕು.

ಹಂತ 6: ಪರಿಸರದ ಸಾಲುಗಳನ್ನು ಖಾಲಿ ಬಿಡಬೇಡಿ

ಪರಿಸರದ ಅಂಶ ಅಡ್ಡಿಯಾಗಿದ್ದರೆ ಬಿಂದು, ನೆರವಾಗಿದ್ದರೆ ಕೂಡಿಸುವ ಚಿಹ್ನೆ ಹಾಕಬೇಕು. ನೆಲಮಟ್ಟದ, ಹಿಡಿಕೆಯಿಲ್ಲದ ಶೌಚಾಲಯ ಇ155.3. ಕೆಲಸದ ಜಾಗದಲ್ಲಿ ಕೂಡಲು ಏನೂ ಇಲ್ಲದಿರುವುದು ಇ135.3. ಜೊತೆಗೆ ಆಸ್ಪತ್ರೆಗೆ ಬಂದು, ಹೇಳಿದ್ದನ್ನು ನೆನಪಿಟ್ಟುಕೊಳ್ಳುವ ಮಗಳು ಇ310+3. ಕೆಲಸ ಹಂಚುವ ಮೇಸ್ತ್ರಿ ಅಧಿಕಾರ ಸ್ಥಾನದಲ್ಲಿರುವವರು ಎಂಬ ವರ್ಗಕ್ಕೆ, ಅಂದರೆ ಇ330ಕ್ಕೆ ಸೇರುತ್ತಾರೆ. ಅವರು ಅಡ್ಡಿಯೂ ಆಗಬಹುದು, ನೆರವೂ ಆಗಬಹುದು. ಒಂದೇ ಅಂಶ ಎರಡೂ ಆಗಿದ್ದರೆ ಎರಡು ಸಾಲು ಬರೆಯಿರಿ. ಅಡ್ಡಿಗಳ ಪಟ್ಟಿ ಮಾಡಿ ನೆರವುಗಳನ್ನು ಬಿಟ್ಟುಬಿಡುವುದು ನಮ್ಮಲ್ಲಿ ಹೆಚ್ಚು, ಆದರೆ ಚಿಕಿತ್ಸೆ ನಿಲ್ಲುವುದೇ ನೆರವುಗಳ ಮೇಲೆ.

ಮನೆ ನೋಡಲು ಸಮಯವಿಲ್ಲದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಶೌಚಾಲಯ ಎಲ್ಲಿದೆ, ಹೊಸ್ತಿಲು ಎಷ್ಟು ಎತ್ತರ, ನೀರು ಎಲ್ಲಿಂದ ಹೊರುತ್ತಾರೆ ಎಂಬುದು ಅವರಿಗೆ ಗೊತ್ತಿರುತ್ತದೆ. ಮೊಬೈಲಿನಲ್ಲಿ ತೆಗೆದ ಒಂದೆರಡು ಚಿತ್ರಗಳು ಕೂಡ, ರೋಗಿಯ ಒಪ್ಪಿಗೆ ಪಡೆದು, ತುಂಬ ಉಪಯೋಗಕ್ಕೆ ಬರುತ್ತವೆ.

ಹಂತ 7: ಗುರಿಯನ್ನು ಡಿ ಸಂಕೇತದಲ್ಲಿ ಬರೆಯಿರಿ, ಚಿಕಿತ್ಸೆಯನ್ನು ಎಲ್ಲ ಸಾಲುಗಳಿಗೂ ಹಂಚಿ

"ನೋವು ಕಡಿಮೆ ಮಾಡುವುದು, ಬಲ ಹೆಚ್ಚಿಸುವುದು" ಎಂಬುದು ಗುರಿಯಲ್ಲ, ದಾರಿ. ಗುರಿಯನ್ನು ರೋಗಿ ಹೇಳಿದ ಕೆಲಸದಲ್ಲೇ ಬರೆಯಬೇಕು: ಆರು ವಾರದಲ್ಲಿ ಗೋಡೆ ಹಿಡಿಯದೆ ಶೌಚಾಲಯದಿಂದ ಏಳುವುದು, ಡಿ4101ರ ನಿರ್ವಹಣೆ 3ರಿಂದ 2ಕ್ಕೆ, ನಾಲ್ಕು ವಾರದಲ್ಲಿ ಅಮಾವಾಸ್ಯೆಗೆ ಗುಡಿಗೆ ನಡೆದು ಹೋಗಿ ಬರುವುದು, ಡಿ930 ಮತ್ತು ಡಿ450 ಎರಡೂ 3ರಿಂದ 1ಕ್ಕೆ. ನಡಿಗೆಯ ಸಾಮರ್ಥ್ಯ ಈಗಾಗಲೇ ಇರುವುದರಿಂದ ಎರಡನೆಯ ಗುರಿ ಮೊದಲು ಈಡೇರುತ್ತದೆ. ಅದನ್ನೇ ಮುಂದಿಟ್ಟರೆ ರೋಗಿಗೆ ಚಿಕಿತ್ಸೆಯ ಮೇಲೆ ಭರವಸೆ ಹುಟ್ಟುತ್ತದೆ.

ಬಿ ಸಾಲುಗಳಿಗೆ ವ್ಯಾಯಾಮ. ಎತ್ತರದ ಕುರ್ಚಿಯಿಂದ ಆರಂಭಿಸಿ ಎದ್ದು ಕೂಡುವುದು, 8ರಿಂದ 12 ಸಲದಂತೆ ಎರಡು ಮೂರು ಸುತ್ತು, ವಾರಕ್ಕೆ ಮೂರು ದಿನ; ಸುಲಭವಾದಂತೆ ಆಸನದ ಎತ್ತರ ಕಡಿಮೆ ಮಾಡುತ್ತ ಹೋಗುವುದು. ಇದೇ ವ್ಯಾಯಾಮ ಮುಂದೆ ಕುಕ್ಕುರುಗಾಲಿನ ತರಬೇತಿಯೂ ಆಗುತ್ತದೆ. ಜೊತೆಗೆ ಸೊಂಟದ ಪಕ್ಕದ ಸ್ನಾಯುಗಳಿಗೆ ಮಲಗಿ ಕಾಲೆತ್ತುವುದು, ಮತ್ತು ದಿನಕ್ಕೆ ಹತ್ತು ನಿಮಿಷದಿಂದ ಆರಂಭಿಸಿ ಹೆಚ್ಚಿಸುವ ನಡಿಗೆ. ವ್ಯಾಯಾಮದ ನಂತರ ನೋವು ಸ್ವಲ್ಪ ಹೆಚ್ಚಾಗಿ ಮರುದಿನ ಬೆಳಗಿನೊಳಗೆ ಇಳಿದರೆ ಮುಂದುವರಿಸಬಹುದು ಎಂದು ಮೊದಲೇ ಹೇಳಿಡಬೇಕು, ಇಲ್ಲದಿದ್ದರೆ ಮೂರನೆಯ ದಿನಕ್ಕೇ ಬಿಟ್ಟುಬಿಡುತ್ತಾರೆ.

ಇ ಸಾಲುಗಳಿಗೆ ವಸ್ತು ಮತ್ತು ಮಾತು. ಕಮೋಡ್ ಕುರ್ಚಿ ಅಥವಾ ಗೋಡೆಗೆ ಒಂದು ಕಬ್ಬಿಣದ ಹಿಡಿಕೆ. ಕೆಲಸದ ಜಾಗದಲ್ಲಿ ಕಾಲು ಮಡಿಸಿ ನೆಲಕ್ಕೆ ಕೂಡುವ ಬದಲು ಒಂದು ಗೇಣಿನಷ್ಟಾದರೂ ಎತ್ತರದ ಮಣೆ, ಅರ್ಧ ತಾಸಿಗೊಮ್ಮೆ ಕಾಲು ಚಾಚುವುದು, ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕುವುದು. ಮಣೆಯ ಮೇಲೆ ಕೂತಾಗ ರಾಶಿ ಕೆಳಗಾಗುತ್ತದೆ, ಬಗ್ಗಬೇಕಾಗುತ್ತದೆ, ಬೆನ್ನು ನೋಯುತ್ತದೆ. ಆದ್ದರಿಂದ ಮೆಣಸಿನಕಾಯಿಯನ್ನು ಬುಟ್ಟಿಯಲ್ಲೋ ಮೊರದಲ್ಲೋ ತುಂಬಿ ಇನ್ನೊಂದು ಮಣೆಯ ಮೇಲೆ ಇಟ್ಟುಕೊಳ್ಳುವಂತೆ ಹೇಳಿಕೊಡಬೇಕು. ಇಷ್ಟು ಚಿಕ್ಕ ವಿವರವನ್ನು ಬಿಟ್ಟರೆ ಮೊಣಕಾಲಿನ ರೋಗಿ ಬೆನ್ನಿನ ರೋಗಿಯಾಗಿ ಮರಳುತ್ತಾಳೆ. ಮೇಸ್ತ್ರಿಯೊಂದಿಗೆ ಮಾತಾಡಬೇಕೇ ಎಂಬುದನ್ನು ರೋಗಿಯೇ ನಿರ್ಧರಿಸಲಿ. ಕೆಲಸ ಹೋಗುವ ಭಯ ಅವಳಿಗಿದ್ದರೆ ಅವಳ ಒಪ್ಪಿಗೆಯಿಲ್ಲದೆ ಒಂದು ಮಾತೂ ಹೊರಗೆ ಹೋಗಬಾರದು.

ಬೆನ್ನು ನೋವಿನವರಿಗೆ ಇದೇ ಕ್ರಮ ಸಾಕು, ಒಂದು ಸೇರ್ಪಡೆಯೊಂದಿಗೆ. ಭಯ, ಚಿಂತೆ, "ಇದು ಎಂದೂ ಹೋಗೂದಿಲ್ಲ" ಎಂಬ ನಿರಾಸೆ ಬೆನ್ನು ನೋವನ್ನು ದೀರ್ಘಕಾಲ ಎಳೆಯುತ್ತವೆ. ಬೆನ್ನು ನೋವು ದೀರ್ಘಕಾಲ ಉಳಿಯುವ ಅಪಾಯವನ್ನು ಅಂದಾಜಿಸುವ, ಒಂಬತ್ತು ಪ್ರಶ್ನೆಗಳ ಸ್ಟಾರ್ಟ್ ಬ್ಯಾಕ್ ಸಾಧನದಲ್ಲಿ ಒಟ್ಟು 3 ಅಥವಾ ಕಡಿಮೆ ಬಂದರೆ ಧೈರ್ಯ, ಸಲಹೆ ಮತ್ತು ಚಟುವಟಿಕೆ ಸಾಕಾಗುತ್ತದೆ. ಭಯ, ಚಿಂತೆಗಳಂಥವನ್ನು ಕೇಳುವ ಕೊನೆಯ ಐದು ಪ್ರಶ್ನೆಗಳಲ್ಲೇ 4 ಅಥವಾ ಹೆಚ್ಚು ಬಂದರೆ ಬಿ152ರ ಸಾಲಿಗೆ ಚಿಕಿತ್ಸೆಯಲ್ಲಿ ನಿಜವಾದ ಜಾಗ ಕೊಡಬೇಕು.

ಹಂತ 8: ಅದೇ ಅಳತೆಯಿಂದ ಮತ್ತೆ ಅಳೆಯಿರಿ

ಮೊದಲ ದಿನ ಬಳಸಿದ ಕುರ್ಚಿ, ಅದೇ ಕಾರಿಡಾರ್, ಅದೇ ಪ್ರಶ್ನೆ. ಎರಡು ವಾರಕ್ಕೊಮ್ಮೆ ಮೂಲ ಅಂಕಗಳನ್ನು, ಆರು ವಾರಕ್ಕೊಮ್ಮೆ ಪೂರ್ತಿ ನಮೂನೆಯನ್ನು ನೋಡಿದರೆ ಸಾಕು. ರೋಗಿ-ನಿರ್ದಿಷ್ಟ ಮಾಪಕದಲ್ಲಿ ಒಂದು ಕೆಲಸದ ಅಂಕ 3ರಷ್ಟು, ಅಥವಾ ಎಲ್ಲ ಕೆಲಸಗಳ ಸರಾಸರಿ 2ರಷ್ಟು ಏರಿದರೆ ಅದನ್ನು ಅಳತೆಯ ಏರುಪೇರಿಗಿಂತ ಮಿಗಿಲಾದ ಸುಧಾರಣೆ ಎಂದು ತಿಳಿಯಬಹುದು. ಸಾಮರ್ಥ್ಯ ಏರಿ ನಿರ್ವಹಣೆ ಏರದಿದ್ದರೆ ವ್ಯಾಯಾಮ ಹೆಚ್ಚಿಸಬೇಡಿ, ಹಂತ 6ಕ್ಕೆ ಮರಳಿ. ಎರಡೂ ಏರದಿದ್ದರೆ ಹಂತ 1ಕ್ಕೆ ಮರಳಿ, ನಿದಾನವನ್ನೇ ಮತ್ತೊಮ್ಮೆ ಪ್ರಶ್ನಿಸಿ, ವೈದ್ಯರೊಂದಿಗೆ ಮಾತಾಡಿ.

ಯಾವುದಕ್ಕೆ ಬಳಸಬಾರದು

ಐಸಿಎಫ್ ಕ್ವಾಲಿಫೈಯರನ್ನು ಅಂಗವೈಕಲ್ಯದ ಪ್ರಮಾಣಪತ್ರದ ಶೇಕಡಾವಾರಿನೊಂದಿಗೆ ಬೆರೆಸಬಾರದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಶೇಕಡಾ 40ರ ಗುರುತು ಮತ್ತು ಅದನ್ನು ಅಳೆಯುವ ಸರ್ಕಾರಿ ಮಾರ್ಗಸೂಚಿ ಬೇರೆಯೇ ಇವೆ, ಅದನ್ನು ಕೊಡುವವರೂ ಬೇರೆ. "ಡಿ450.3 ಎಂದು ನೀವೇ ಬರೆದಿದ್ದೀರಿ, ಪತ್ರ ಕೊಡಿ" ಎಂದು ಯಾರಾದರೂ ಕೇಳಿದರೆ ಈ ವ್ಯತ್ಯಾಸವನ್ನು ಗೌರವದಿಂದ, ತಾಳ್ಮೆಯಿಂದ ವಿವರಿಸಿ ಸರಿಯಾದ ಜಾಗಕ್ಕೆ ಕಳಿಸಬೇಕು. ಹಾಗೆಯೇ ಸಂಕೇತದಿಂದ ಮನುಷ್ಯರನ್ನು ಕರೆಯಬಾರದು. ಐಸಿಎಫ್‌ನ ನೈತಿಕ ಸೂಚನೆಗಳು ಇದನ್ನು ಸ್ಪಷ್ಟವಾಗಿ ಹೇಳುತ್ತವೆ. ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದು, ಅವರಿಗೂ ತೋರಿಸಿ ಬರೆಯಬೇಕು ಎಂಬುದು ಅದರ ಆಶಯ. ತುಂಬಿದ ನಮೂನೆಯನ್ನು ಓದಿ ಹೇಳಿದಾಗ "ನಡಿಗಿ ಅಷ್ಟೇನ ಕೆಟ್ಟಿಲ್ಲರೀ" ಎಂದು ರೋಗಿ ತಿದ್ದಿದರೆ ತಿದ್ದಿಸಿಕೊಳ್ಳಿ.

ಬೇರೆಯವರಿಗೆ ಬರೆಯುವ ಪತ್ರ

ನಿಮ್ಮ ಕೇಂದ್ರದಿಂದ ರೋಗಿಯನ್ನು ಜಿಲ್ಲಾಸ್ಪತ್ರೆಯ ಮೂಳೆ ವಿಭಾಗಕ್ಕೋ, ಅಲ್ಲಿಂದ ಮರಳಿ ಊರಿನ ಆಯುಷ್ಮಾನ್ ಆರೋಗ್ಯ ಮಂದಿರಕ್ಕೋ ಕಳಿಸುವಾಗ ಸಂಕೇತಗಳ ಉದ್ದ ಪಟ್ಟಿ ಯಾರೂ ಓದುವುದಿಲ್ಲ. ಮೂರು ಸಾಲು ಬರೆಯಿರಿ. ಮೊದಲ ಸಾಲಿನಲ್ಲಿ ವೈದ್ಯರ ನಿದಾನ. ಎರಡನೆಯದರಲ್ಲಿ ಮುಖ್ಯ ಕೆಲಸ, ಅದರ ಎರಡು ಅಂಕೆ, ಮೂಲ ಅಳತೆ: "ಕುಕ್ಕುರುಗಾಲಿನಿಂದ ಏಳುವುದು, ಡಿ4101, ಮನೆಯಲ್ಲಿ 3, ಪರೀಕ್ಷೆಯಲ್ಲಿ 3, ಕುರ್ಚಿ ಪರೀಕ್ಷೆ 8." ಮೂರನೆಯದರಲ್ಲಿ ದೊಡ್ಡ ಅಡ್ಡಿ ಒಂದು, ದೊಡ್ಡ ನೆರವು ಒಂದು: "ಹಿಡಿಕೆಯಿಲ್ಲದ ನೆಲಮಟ್ಟದ ಶೌಚಾಲಯ, ಜೊತೆಗಿರುವ ಮಗಳು ವ್ಯಾಯಾಮ ಮಾಡಿಸಬಲ್ಲಳು." ಸಂಕೇತ ತಿಳಿಯದವರಿಗೂ ಈ ಮೂರು ಸಾಲು ಅರ್ಥವಾಗಬೇಕು. ಆಶಾ ಕಾರ್ಯಕರ್ತೆಗೆ ಕೊಡುವ ಪ್ರತಿಯಲ್ಲಿ ಸಂಕೇತಗಳನ್ನು ಪೂರ್ತಿ ಬಿಟ್ಟು, ಮನೆಗೆ ಹೋದಾಗ ಕೇಳಬೇಕಾದ ಎರಡೇ ಪ್ರಶ್ನೆ ಬರೆದುಕೊಡಿ: ಗೋಡೆ ಹಿಡಿಯದೆ ಏಳುತ್ತಿದ್ದಾಳೆಯೇ, ಮತ್ತು ಈ ವಾರ ಮನೆಯಿಂದ ಎಷ್ಟು ದೂರ ನಡೆದು ಹೋಗಿದ್ದಳು.